ಬೀಗತಿಯಾಗದವಳ ಕಣ್ಣೀರು

ಕಣ್ಣಿಗೆ ಹಾಕುವ ಹನಿಗಳೆಲ್ಲ ಬರೀ ನೀರಾಗಿಬಿಟ್ಟ ಕಾಲ ಅದು. ಒಂದೇ ಸಲಕ್ಕೆ ಆದದ್ದಲ್ಲ. ಮೊದಲು ಅಗ್ಗದ ಹನಿ ಕೈಕೊಟ್ಟಿತು, ಆಮೇಲೆ ದುಬಾರಿಯದು, ಕೊನೆಗೆ ಕಡೆಗಾಲಕ್ಕೆ ಬೇಕಾದೀತೆಂದು ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡದ್ದೂ ಕೈಕೊಟ್ಟಿತು. ನಾವು ಚಾಪೆಯ ಕೆಳಗೆ ತೂರಿದರೆ ಬ್ಯಾಕ್ಟೀರಿಯಾಗಳು ರಂಗೋಲಿಯ ಕೆಳಗೆ ತೂರಿದವು. ಕಣ್ಣಿಗೆ ಕಸ ಬಿದ್ದು ಒಂಚೂರು ಗೀರಿದರೂ ಮನೆಮಂದಿ ದೇವರಿಗೆ ಹರಕೆ ಹೊರುವಂತಾಯಿತು.

ನಾನು ಉಜ್ವಲಾ ಹಂಚಿನಮನಿ. ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನನಗೆ ವೈರಸ್ ಸಾಕುವ ಕೆಲಸ. ಹೌಹಾರಬೇಡಿ. ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆ. ಅವುಗಳನ್ನಷ್ಟೇ ಹಿಡಿದು ಕೊಲ್ಲುವ, ಮನುಷ್ಯರ ತಂಟೆಗೆ ಬಾರದ ವೈರಸ್‌ಗಳಿವೆ. ಅವುಗಳಿಗೆ ಭಕ್ಷಕಗಳೆಂದು ಹೆಸರು. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ಒಳಗೆ ತಮ್ಮ ವಂಶವಾಹಿ ಚುಚ್ಚಿ, ಅದರ ಹೊಟ್ಟೆಯಲ್ಲೇ ಮರಿ ಮಾಡಿ, ಹೊಟ್ಟೆ ಒಡೆದುಕೊಂಡು ಹೊರಗೆ ಬರುತ್ತವೆ. ತೊಂದರೆಯೆಂದರೆ ಇವು ಬಹಳ ಮಡಿಯವು. ಕುಲಗೋತ್ರ ಹೊಂದದ ಬ್ಯಾಕ್ಟೀರಿಯಾವನ್ನು ಮುಟ್ಟಿಯೂ ನೋಡುವುದಿಲ್ಲ. ಅದಕ್ಕೇ ನಮ್ಮಲ್ಲೊಂದು ಯಂತ್ರವಿತ್ತು. ಸಾವಿರಾರು ಬಗೆಯ ಭಕ್ಷಕಗಳನ್ನು ಹೊಟ್ಟೆಯಲ್ಲಿ ತಣ್ಣಗೆ ಇಟ್ಟುಕೊಂಡು, ರೋಗಿಯ ಕಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಒಂದೊಂದರ ಜೊತೆಗೂ ಕೂಡಿಸಿ ನೋಡಿ, ಯಾವುದಕ್ಕೆ ಯಾವುದು ತಕ್ಕದ್ದೆಂದು ಹೇಳುತ್ತಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ನಾವು ಅದನ್ನು ದಲ್ಲಾಳಿ ಎನ್ನುತ್ತಿದ್ದೆವು. ಸಂಬಂಧ ಕುದುರಿಸುವ ದಲ್ಲಾಳಿ.

ಆ ದಲ್ಲಾಳಿಯೂ ಕೈಚೆಲ್ಲಿದ್ದು ಫಕೀರವ್ವನ ವಿಷಯದಲ್ಲಿ.

ಫಕೀರವ್ವ ಬ್ಯಾಡಗಿಯ ಹೊರವಲಯದ ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸು. ವಯಸ್ಸು ಅರವತ್ತರ ಆಸುಪಾಸು. ಎಳವೆಯಲ್ಲಿ ದಡಾರ ಬಂದು ಎಡಗಣ್ಣು ಹೋಗಿತ್ತು. ಇದ್ದದ್ದು ಒಂದೇ ಕಣ್ಣು, ಈಗ ಅದಕ್ಕೇ ಹುಣ್ಣು. ಕರಿಗುಡ್ಡೆಯ ಮೇಲೆ, ನಡುವಿನಿಂದ ತುಸು ಪಕ್ಕಕ್ಕೆ, ಹಾಲಿನ ಹನಿ ಹೆಪ್ಪುಗಟ್ಟಿದಂತೆ ಬೆಳ್ಳಗೆ ಕೂತಿತ್ತು. ರೆಪ್ಪೆ ಬಿಡಿಸಿದರೆ ಹಸಿರು ಕೀವು. ಅದೇ ಗೋದಾಮಿನ ಇನ್ನೂ ಕೆಲವು ಹೆಂಗಸರು ಕಣ್ಣಿಗೆ ಸೆರಗು ಒತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಅವರ ಹುಣ್ಣು ಇನ್ನೂ ಚಿಕ್ಕದು. ಫಕೀರವ್ವನದು ಮಾತ್ರ ಬೆಳಗಿನಿಂದ ಸಂಜೆಗೆ ಬೆಳೆಯುತ್ತಿತ್ತು.

ನಮ್ಮ ಕಣ್ಣಿನ ಸರ್ಜನ್ ಡಾಕ್ಟರ್ ಹಾವನೂರರದು ಮಾತು ಕಡಿಮೆ, ಮುಖವೇ ಎಲ್ಲ ಹೇಳುತ್ತದೆ. ಫಕೀರವ್ವನ ಮಗಳು ಕಸ್ತೂರಿಯನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಹುಣ್ಣು ಗುಡ್ಡೆಯನ್ನು ತೂತು ಮಾಡಿದರೆ ಕೀವು ಒಳಗಿಳಿಯುತ್ತದೆ, ಆಗ ಕಣ್ಣನ್ನೇ ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಕಾಯಲು ಹೆಚ್ಚು ದಿನವಿಲ್ಲ. ಕಸ್ತೂರಿ ಅಳಲಿಲ್ಲ. ಅವ್ವನಿಗೆ ಈಗಲೇ ಹೇಳಬೇಡಿ ಎಂದಷ್ಟೇ ಕೇಳಿಕೊಂಡಳು. ಒಳಗಿನ ಮಂಚದ ಮೇಲಿದ್ದ ಅವ್ವನ ಕಿವಿ ಮಾತ್ರ ಚುರುಕು. ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ಮಲಗಿದ್ದಳು.

ಪ್ರಯೋಗಾಲಯದಲ್ಲಿ ನಾವು ನೋಡಿದ್ದಿಷ್ಟು. ಬ್ಯಾಕ್ಟೀರಿಯಾ ಹೊಸದೇನಲ್ಲ, ಒದ್ದೆ ಇದ್ದಲ್ಲೆಲ್ಲ ಬೆಳೆಯುವ ಸುಡೋಮೊನಾಸ್. ಆದರೆ ಇದು ಮೈತುಂಬ ಪಂಪು ಕೂರಿಸಿಕೊಂಡಿತ್ತು. ನೆಲಮಾಳಿಗೆಗೆ ನುಗ್ಗಿದ ಮಳೆನೀರನ್ನು ಮೋಟರು ಹಚ್ಚಿ ಹೊರಗೆ ಎತ್ತಿಹಾಕುತ್ತಾರಲ್ಲ, ಹಾಗೆ ಒಳಗೆ ಹೋದ ಔಷಧವನ್ನೆಲ್ಲ ಹೊತ್ತು ಕಳೆಯುವುದರೊಳಗೆ ಹೊರಗೆ ದಬ್ಬುತ್ತಿತ್ತು. ಇದ್ದಬದ್ದ ಔಷಧಗಳನ್ನೆಲ್ಲ ಸುರಿದು ನೋಡಿದೆವು. ತಟ್ಟೆಯಲ್ಲಿ ಅದು ಮೊದಲಿಗಿಂತ ಹುಲುಸಾಗಿ ಬೆಳೆಯಿತು. ಬ್ಯಾಕ್ಟೀರಿಯಾವನ್ನು ದಲ್ಲಾಳಿಗೆ ಒಪ್ಪಿಸಿದೆವು. ಅದು ತನ್ನಲ್ಲಿದ್ದ ವರಗಳನ್ನೆಲ್ಲ ತೋರಿಸಿ, ಯಾವುದೂ ಒಪ್ಪಿಗೆಯಾಗಲಿಲ್ಲವೆಂದು ಕೆಂಪು ದೀಪ ಹಚ್ಚಿ ಕೂತಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳುವುದು ದಡ್ಡತನವೆಂದು ಗೊತ್ತಿದ್ದೂ ಅದಕ್ಕೊಂದು ಗುದ್ದು ಕೊಟ್ಟೆ.

ಸಿಟ್ಟು ಇಳಿದ ಮೇಲೆ ಫಕೀರವ್ವನ ಹತ್ತಿರ ಹೋಗಿ ಕೂತೆ. ಒಂದೇ ಗೋದಾಮಿನ ಇಷ್ಟು ಜನರಿಗೆ ಒಂದೇ ರೋಗ ಹೇಗೆ ಬಂತು ಎಂದು ಕೇಳಿದೆ. ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಮೆಣಸಿನಕಾಯಿಯ ಕೆಲಸದಲ್ಲಿ ಕಣ್ಣು ಉರಿಯುವುದು ಇದ್ದದ್ದೇ. ಈ ಗುಂಪಿನಲ್ಲೊಂದು ರೂಢಿ. ಕಣ್ಣಿನ ಹನಿಯ ಒಂದು ಬಾಟ್ಲಿ ಎಲ್ಲರದು. ಅದನ್ನು ತರುವುದು ಸರದಿಯ ಮೇಲೆ. ಒಬ್ಬಳ ಕಣ್ಣು ಉರಿದರೂ ಕೆಲಸ ನಿಲ್ಲಿಸಿ, ಹಿರಿಯಳಿಂದ ಶುರುಮಾಡಿ, ಸಾಲಿನ ಕೊನೆಯವಳ ತನಕ ಎಲ್ಲರೂ ಒಂದೊಂದು ಹನಿ ಹಾಕಿಕೊಳ್ಳಬೇಕು. ಉರಿ ಇರಲಿ, ಇಲ್ಲದಿರಲಿ. ಹಾಕಿಕೊಳ್ಳದವಳು ಗುಂಪಿನವಳೇ ಅಲ್ಲ. ಯಾರಿಗೋ ಹಿಂದೊಮ್ಮೆ ವೈದ್ಯರು ಬರೆದುಕೊಟ್ಟ ಔಷಧ ಅದು. ಚೀಟಿ ಎಂದೋ ಹರಿದುಹೋಗಿ, ಬಾಟ್ಲಿಯ ಬಣ್ಣ ತೋರಿಸಿಯೇ ಅಂಗಡಿಯಿಂದ ತರುತ್ತಿದ್ದರು.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಂದು ದಿನ ಒಂದು ಹನಿ, ಇನ್ನೊಂದು ದಿನ ಇಲ್ಲ, ಮತ್ತೆ ಒಂದು ಹನಿ. ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಲದು, ಅದಕ್ಕೆ ಪಾಠ ಕಲಿಸಲು ಧಾರಾಳ ಸಾಕು. ಬಾಟ್ಲಿಯ ಮೂತಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ತಾಗುತ್ತ, ಕಲಿತ ಬ್ಯಾಕ್ಟೀರಿಯಾವನ್ನು ಮನೆಮನೆಗೆ ಮುಟ್ಟಿಸಿತ್ತು. ಇಷ್ಟೊಂದು ಪ್ರೀತಿಯಿಂದ ಹಬ್ಬಿಸಿದ ರೋಗವನ್ನು ನಾನು ಇನ್ನೊಂದು ಕಂಡಿಲ್ಲ. ಬೈಯಲು ಬಾಯಿ ಬರಲಿಲ್ಲ.

ಹಾಗಾದರೆ ಗುಂಪಿನ ಎಲ್ಲರಿಗೂ ಬಂದಿದೆಯೇ ಎಂದು ಕೇಳಿದೆ. ಫಕೀರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ಒಬ್ಬಾಕಿಗಿ ಬಂದಿಲ್ಲ" ಎಂದಳು ಕಸ್ತೂರಿ ದನಿ ತಗ್ಗಿಸಿ. "ದ್ಯಾಮವ್ವಗ. ಅಕಿ ಹೆಸರು ಅವ್ವನ ಮುಂದ ತಗಿಯೂದಿಲ್ರಿ ಅಕ್ಕಾರ."

ಹೊರಗೆ ಬಂದು ಉಳಿದ ಕಥೆ ಹೇಳಿದಳು. ಫಕೀರವ್ವ, ದ್ಯಾಮವ್ವ ಇಬ್ಬರೂ ಒಂದೇ ಊರಿನ ಹೆಣ್ಣುಮಕ್ಕಳು, ಒಂದೇ ವರ್ಷ ಬ್ಯಾಡಗಿಗೆ ಸೊಸೆಯರಾಗಿ ಬಂದವರು, ಒಂದೇ ತಾಟಿನಲ್ಲಿ ಉಂಡವರು. ಬೀಗತಿಯರಾಗೋಣ ಎಂದು ಕಸ್ತೂರಿಯನ್ನು ದ್ಯಾಮವ್ವನ ಮಗನಿಗೆ ಗೊತ್ತು ಮಾಡಿದ್ದರು. ವೀಳ್ಯ ಹಿಡಿದಾದ ಮೇಲೆ ಹುಡುಗ ತನಗೆ ಬೇಕಾದವಳನ್ನು ಕಟ್ಟಿಕೊಂಡು ಬಂದ. ಅಲ್ಲಿಂದ ಹತ್ತಿರ ಹತ್ತಿರ ಹತ್ತು ವರ್ಷ ಇಬ್ಬರ ನಡುವೆ ಮಾತಿಲ್ಲ. ಫಕೀರವ್ವ ಸಾಲಿನ ಈ ತುದಿಯಲ್ಲಿ ಕೂತರೆ ದ್ಯಾಮವ್ವ ಆ ತುದಿಯಲ್ಲಿ. ಈಗ ಗುಂಪಿನ ಹೆಂಗಸರು ಒಂದೇ ಮಾತು ಆಡುತ್ತಿದ್ದರು. ಎಲ್ಲರ ಕಣ್ಣು ಹೋಗುತ್ತಿರುವಾಗ ಅವಳೊಬ್ಬಳ ಕಣ್ಣು ನೆಟ್ಟಗಿದೆಯೆಂದರೆ ಅವಳೇ ಏನೋ ಮಾಡಿಸಿದ್ದಾಳೆ.

ನನಗೆ ಅನಿಸಿದ್ದು ಬೇರೆ. ಅದೇ ಬಾಟ್ಲಿ ಅವಳ ತನಕವೂ ಹೋಗಿದೆ. ಬ್ಯಾಕ್ಟೀರಿಯಾ ಅವಳ ಕಣ್ಣನ್ನೂ ಹೊಕ್ಕಿರಲೇಬೇಕು. ಹೊಕ್ಕ ಮೇಲೆ ಅಲ್ಲಿ ಅದನ್ನು ಯಾರು ತಡೆದರು? ಆ ಪ್ರಶ್ನೆ ಹಿಡಿದುಕೊಂಡೇ ಮರುದಿನ ಬ್ಯಾಡಗಿಗೆ ಹೋದೆ.

ದ್ಯಾಮವ್ವ ಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಬಂದದ್ದು ಯಾಕೆಂದು ಹೇಳಿ ಮುಗಿಸುವುದರೊಳಗೆ ಒಲೆ ಆರಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರಿಗೆ ನಿಂತಳು. ತಾನು ಯಾರಿಗೂ ಏನೂ ಮಾಡಿಸಿಲ್ಲ, ಬೇಕಾದರೆ ಊರದೇವಿ ದ್ಯಾಮವ್ವನ ಗುಡಿಯಲ್ಲೇ ಆಣೆ ಮಾಡುತ್ತೇನೆ, ಪೊಲೀಸರನ್ನು ಕರೆದುಕೊಂಡು ಬಂದರೂ ಹೆದರುವವಳಲ್ಲ ಎಂದಳು. ಅವಳ ಪಾಡಿಗೆ ಅವಳನ್ನು ಬೈಯಲು ಬಿಟ್ಟೆ. ಬೈದು ಸಾಕಾದ ಮೇಲೆ ಅವಳೇ ಒಂದು ತಾಟು ಮಂಡಕ್ಕಿ ತಂದು ಮುಂದಿಟ್ಟಳು. ನಮ್ಮ ಕಡೆಯ ಜಗಳಗಳು ಹೀಗೆಯೇ.

ತಿನ್ನುತ್ತ, ಬಾಟ್ಲಿಯ ಹನಿಯನ್ನು ನೀನು ಹೇಗೆ ಹಾಕಿಕೊಳ್ಳುತ್ತಿದ್ದೆ ಎಂದು ಕೇಳಿದೆ. ಅನುಮಾನಿಸುತ್ತಲೇ ಹೇಳಿದಳು. ಫಕೀರವ್ವ ಮುಟ್ಟಿದ ಬಾಟ್ಲಿಯನ್ನು ತನ್ನ ಕಣ್ಣಿಗೆ ತಾಗಿಸಲು ಅವಳಿಗೆ ಮನಸ್ಸಿರಲಿಲ್ಲ. ಹಾಕಿಕೊಳ್ಳದಿದ್ದರೆ ಗುಂಪು ಬಿಡುವುದಿಲ್ಲ. ಅದಕ್ಕೆ ತನ್ನದೇ ಒಂದು ಚಮಚ ಇಟ್ಟುಕೊಂಡಿದ್ದಳು. ಅವಳು ಕೂರುವ ಮೂಲೆಯ ಬದಿಗೆ ಗೋಣಿಚೀಲ ನೆನೆಹಾಕುವ ಹಳೆಯ ಕಲ್ಲಿನ ತೊಟ್ಟಿಯಿದೆ. ಅದರಲ್ಲಿ ಚಮಚ ಅದ್ದಿ ತೊಳೆದು, ಒಂದು ಹನಿ ಔಷಧವನ್ನು ಚಮಚಕ್ಕೆ ಬಿಟ್ಟುಕೊಂಡು, ಅಲ್ಲಿಂದ ಕಣ್ಣಿಗೆ. ಗೋಣಿ ಹಾಕಿ ತೆಗೆಯುವಾಗ ಬಿಟ್ಟರೆ ಬೇರೆ ಯಾರೂ ಆ ತೊಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಷ್ಟು ಗಲೀಜು ಅದು.

ನನ್ನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು. ಇಲಿಯಿದ್ದಲ್ಲಿ ಬೆಕ್ಕು. ಆ ಬ್ಯಾಕ್ಟೀರಿಯಾ ಹುಟ್ಟಿ ಬೆಳೆದದ್ದೇ ಆ ತೊಟ್ಟಿಯ ಪಾಚಿಯಲ್ಲಿರಬೇಕು, ಒದ್ದೆ ಗೋಣಿಯಿಂದ ಕೈಗೆ, ಕೈಯಿಂದ ಬಾಟ್ಲಿಗೆ ಬಂದಿರಬೇಕು. ಅದು ಇರುವಲ್ಲಿ ಅದನ್ನು ತಿನ್ನುವ ಭಕ್ಷಕವೂ ಇದ್ದೀತು. ದಿನವೂ ಚಮಚದ ಪಸೆಯ ಜೊತೆ ಅದು ದ್ಯಾಮವ್ವನ ಕಣ್ಣನ್ನು ಹೊಕ್ಕು ಅಲ್ಲೇ ಕಾವಲು ಕೂತಿದೆ. ಇದನ್ನು ಓದಿ ಯಾರೂ ತೊಟ್ಟಿಯ ನೀರನ್ನು ಕಣ್ಣಿಗೆ ಹಾಕಿಕೊಳ್ಳಬೇಡಿ. ಅವಳ ಹಣೆಬರಹ ಗಟ್ಟಿಯಿತ್ತು, ಅಷ್ಟೇ. ನೂರು ಜನ ಹಾಗೆ ಮಾಡಿದರೆ ನೂರು ಕಣ್ಣೂ ಹೋಗುತ್ತವೆ.

ಕಣ್ಣೀರು ಬೇಕು ಎಂದೆ. ಒಂದು ತುಂಡು ಕಾಗದವನ್ನು ರೆಪ್ಪೆಯ ಅಂಚಿಗೆ ಸಿಕ್ಕಿಸಿದರೆ ಸಾಕು, ನೋವಾಗುವುದಿಲ್ಲ, ಇದರಿಂದ ನಿಮ್ಮ ಗುಂಪಿನವರ ಕಣ್ಣು ಉಳಿಯಬಹುದು ಎಂದೆ.

"ಅಕಿದೂ?" ಎಂದಳು ದ್ಯಾಮವ್ವ.

ಮೊದಲು ಆಕೆಯದೇ, ಆಕೆಗೆ ಇರುವುದೇ ಒಂದು ಎಂದೆ. ದ್ಯಾಮವ್ವ ಮಣೆ ಎಳೆದುಕೊಂಡು ಕೂತು ಮುಖ ಮೇಲೆತ್ತಿದಳು.

"ತಗೋರಿ. ಅಕಿಗಿ ಮಾತ್ರ ಹೇಳಬ್ಯಾಡ್ರಿ."

ಹುಬ್ಬಳ್ಳಿಗೆ ಹಿಂತಿರುಗಿ ಕಣ್ಣೀರು ಹೀರಿದ ಆ ಕಾಗದವನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಬ್ಯಾಕ್ಟೀರಿಯಾ ದಾಟಲಾಗದ ಜರಡಿಯಲ್ಲಿ ಸೋಸಿ, ಫಕೀರವ್ವನ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬಿಟ್ಟೆವು. ಹಸಿರುಗಟ್ಟಿದ ತಟ್ಟೆಯಲ್ಲಿ ಮೊದಲು ಸಾಸಿವೆಯಷ್ಟು, ಆಮೇಲೆ ತೊಗರಿಬೇಳೆಯಷ್ಟು ಅಗಲದ ತಿಳಿಯಾದ ತೂತುಗಳು ಮೂಡಿದವು. ಒಂದೊಂದು ತೂತೂ ಲಕ್ಷಾಂತರ ಬ್ಯಾಕ್ಟೀರಿಯಾಗಳ ಸುಡುಗಾಡು. ನಾನು ಕುಣಿದೆನೆಂದು ಜೊತೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕುಣಿದದ್ದು ನಿಜ.

ಕುಣಿತ ಹೆಚ್ಚು ಹೊತ್ತು ಉಳಿಯಲಿಲ್ಲ. ತಿಳಿಯಾದ ತೂತುಗಳ ನಡುವೆ ಮತ್ತೆ ಚುಕ್ಕೆಚುಕ್ಕೆಯಾಗಿ ಬ್ಯಾಕ್ಟೀರಿಯಾ ತಲೆಯೆತ್ತಿತು. ಭಕ್ಷಕಕ್ಕೂ ಬಗ್ಗದ ಕೆಲವು ಉಳಿದುಕೊಂಡು ಸಂಸಾರ ಹೂಡಿದ್ದವು. ಹಾವನೂರರು ತಟ್ಟೆಯನ್ನು ನೋಡಿ ಹೊರಟುಹೋದರು. ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧಮಾಡಲು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಲ್ಲೇ ಕುಸಿದು ಕೂತೆ.

ಕೂತಲ್ಲೇ ಒಂದು ಹಟ ಬಂತು. ಭಕ್ಷಕ ಅಂಟಿಕೊಳ್ಳುವುದು ಬ್ಯಾಕ್ಟೀರಿಯಾದ ಮೈಯ ಮೇಲಿನ ಯಾವುದೋ ಒಂದು ಹಿಡಿಯನ್ನು ಹಿಡಿದು. ತಪ್ಪಿಸಿಕೊಂಡ ಬ್ಯಾಕ್ಟೀರಿಯಾ ಆ ಹಿಡಿಯನ್ನು ಕಿತ್ತೆಸೆದಿರಬೇಕು. ಕಿತ್ತೆಸೆದದ್ದು ಏನನ್ನು? ಉಳಿದುಕೊಂಡ ಚುಕ್ಕೆಗಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ವಂಶವಾಹಿ ಓದಿಸಿದೆ. ಪಂಪುಗಳಿರಲಿಲ್ಲ. ಒಂದೂ ಇರಲಿಲ್ಲ. ಭಕ್ಷಕ ಹಿಡಿಯುತ್ತಿದ್ದದ್ದು ಪಂಪಿನ ಬಾಯನ್ನೇ! ಅದರಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾ ತನ್ನ ಮೋಟರನ್ನೇ ಬಿಚ್ಚಿ ಬಿಸಾಡಿತ್ತು.

ಬೀರುವಿನ ಬೀಗ ತೆಗೆಯುವ ಗೋಜಿಗೆ ಹೋಗದೆ, ಎಲ್ಲಕ್ಕಿಂತ ಮೊದಲು ಕೈಕೊಟ್ಟಿತ್ತಲ್ಲ, ಆ ಹಳೆಯ ಅಗ್ಗದ ಹನಿಯನ್ನೇ ಅವುಗಳ ಮೇಲೆ ಒಂದು ತೊಟ್ಟು ಬಿಟ್ಟೆ. ನಮ್ಮ ಅಜ್ಜಂದಿರ ಕಾಲದಲ್ಲಿ ಸತ್ತ ಹಾಗೆ ಬ್ಯಾಕ್ಟೀರಿಯಾ ಸತ್ತಿತು. ಪಂಪು ಇಟ್ಟುಕೊಂಡರೆ ಭಕ್ಷಕ ತಿನ್ನುತ್ತದೆ, ಬಿಟ್ಟರೆ ಔಷಧ ಕೊಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ಇಷ್ಟು ವರ್ಷ ನಾವು ನಿಂತಿದ್ದ ಜಾಗದಲ್ಲಿ ಈಗ ಅದು ನಿಂತಿತ್ತು. ನನಗೆ ಅಳು ಬಂತು, ಅತ್ತೆ.

ಹಾವನೂರರು ತಟ್ಟೆ ನೋಡಿದವರು ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. ಆದರೆ ಇನ್ನೊಂದು ತೊಡಕಿತ್ತು. ಒಬ್ಬರ ಮೈಯಿಂದ ತೆಗೆದ ಭಕ್ಷಕವನ್ನು ಇನ್ನೊಬ್ಬರಿಗೆ ಕೊಡುವಾಗ ಅದು ಯಾರದೆಂದು ಇಬ್ಬರಿಗೂ ತಿಳಿಸಿ ಒಪ್ಪಿಗೆ ಪಡೆಯಲೇಬೇಕೆಂಬುದು ಆ ಕಾಲದ ಕಾನೂನು. ಬ್ಯಾಡಗಿಗೆ ಫೋನು ಹಚ್ಚಿ ದ್ಯಾಮವ್ವನಿಗೆ ಅದನ್ನು ತಿಳಿಸಿದೆ. ಗೊಣಗಿದಳು, ಬೇಡ ಎನ್ನಲಿಲ್ಲ. ಆಮೇಲೆ ಫಕೀರವ್ವನಿಗೆ ಹೇಳಿದೆ. ಆಕೆ ದಿಂಬಿನಿಂದ ತಲೆಯೆತ್ತಿದಳು.

"ಅಕಿ ಕಣ್ಣೀರು ನನ್ನ ಕಣ್ಣಾಗ ಬ್ಯಾಡ. ಕುಳ್ಡಿ ಆದ್ರ ಆಗ್ತೀನಿ."

ನಾನು ವಿಜ್ಞಾನ ಹೇಳಿದೆ. ಹಾವನೂರರು ಹೆದರಿಸಿದರು. ಗೋಡೆಗೆ ಹೇಳಿದಂತಾಯಿತು. ಅಲ್ಲಿಯ ತನಕ ಮೂಲೆಯಲ್ಲಿ ನಿಂತಿದ್ದ ಕಸ್ತೂರಿ ಮುಂದೆ ಬಂದಳು.

"ಯವ್ವಾ, ಮದುವಿ ಮುರದದ್ದು ನಂದು. ನಾ ಅದನ್ನ ಮರತು ನನ್ನ ಗಂಡನ ಕೂಡ ಚಂದಾಗಿ ಬಾಳೇವು ಮಾಡಾಕತ್ತೀನಿ. ನೀ ಯಾರ ಸಲುವಾಗಿ ಕುಳ್ಡಿ ಆಗಾಕಿ?"

ಫಕೀರವ್ವ ತಲೆಯನ್ನು ಮತ್ತೆ ದಿಂಬಿಗಿಟ್ಟಳು. ಕೊನೆಗೆ ಬಾಯಿ ಬಿಟ್ಟಾಗ ದನಿ ಸಣ್ಣದಾಗಿತ್ತು. ಅವರಿವರ ಕೈಯಲ್ಲಿ ಕಳಿಸಿದ್ದನ್ನು ತಾನು ತೆಗೆದುಕೊಳ್ಳುವುದಿಲ್ಲ, ಕೊಡುವವಳು ತಾನೇ ಬಂದು ಕೊಡಲಿ ಎಂದಳು. ನಮ್ಮ ಕಡೆ ಮುರಿದ ಮನೆಗಳು ಮತ್ತೆ ಕೂಡುವಾಗ ಕೊಡುವ ಬುತ್ತಿಯೂ ಹೀಗೆಯೇ, ಕೈಯಿಂದ ಕೈಗೆ ದಾಟಬೇಕು, ನಡುವೆ ಇನ್ನೊಬ್ಬರು ಇರಬಾರದು.

ಮತ್ತೆ ಫೋನು ಹಚ್ಚಿದೆ. ದ್ಯಾಮವ್ವ ಕೇಳಿಸಿಕೊಂಡು ಫೋನು ಇಟ್ಟುಬಿಟ್ಟಳು. ಎಲ್ಲವೂ ಮುಗಿಯಿತು ಎಂದುಕೊಂಡೆ. ಹುಣ್ಣಿನ ಕೆಳಗಿನ ಪೊರೆ ಆ ಹೊತ್ತಿಗೆ ಕಾಗದದಷ್ಟು ತೆಳುವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ಯಾರ ಮುಖವನ್ನೂ ನೋಡದೆ ಒಳಗೆ ನಡೆದಳು. ಸೋಸಿ ಸಿದ್ಧಮಾಡಿದ ಪುಟ್ಟ ಶೀಸೆಯನ್ನು ನಾನು ಅವಳ ಕೈಗಿಟ್ಟೆ. ಅವಳು ಅದನ್ನು ಫಕೀರವ್ವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಫಕೀರವ್ವ ಅದನ್ನು ನರ್ಸಿಗೆ ಕೊಟ್ಟಳು. ಆಮೇಲೆ ದ್ಯಾಮವ್ವ ಮಂಚದ ಪಕ್ಕದ ಸ್ಟೂಲನ್ನು ಕಿಟಕಿಯ ಕಡೆ ತಿರುಗಿಸಿ, ಇವಳಿಗೆ ಬೆನ್ನು ಹಾಕಿ ಕೂತಳು. ಹೋಗುತ್ತಾಳೆಂದುಕೊಂಡೆವು. ಹೋಗಲಿಲ್ಲ.

ಮೊದಲು ಭಕ್ಷಕದ ಹನಿ, ಅದು ತನ್ನ ಕೆಲಸ ಮಾಡಲು ಬಿಟ್ಟು ಆಮೇಲೆ ಹಳೆಯ ಹನಿ. ಮತ್ತೆ ಅದು, ಮತ್ತೆ ಇದು. ಮೊದಲ ದಿನ ಏನೂ ತಿಳಿಯಲಿಲ್ಲ. ಮರುದಿನ ಹುಣ್ಣಿನ ಅಂಚು ಹರಡುವುದು ನಿಂತಿತು. ಆಮೇಲೆ ಕೀವು ತಿಳಿಯಾಯಿತು, ರೆಪ್ಪೆಯ ಊತ ಇಳಿಯಿತು, ಬಿಳುಪು ಅಂಚಿನಿಂದ ಕರಗುತ್ತ ಬಂತು. ಭಕ್ಷಕಗಳ ಚಂದವೇ ಅದು. ತಿನ್ನಲು ಬ್ಯಾಕ್ಟೀರಿಯಾ ಇರುವ ತನಕ ಮರಿಹಾಕುತ್ತವೆ, ಮುಗಿದ ಮೇಲೆ ತಾವೂ ಇಲ್ಲವಾಗುತ್ತವೆ. ಹೊರಗಿನ ಬೆಂಚಿನ ಹೆಂಗಸರಿಗೂ ಅದನ್ನೇ ಹಾಕಿದೆವು, ಪ್ರತಿಯೊಬ್ಬರಿಗೂ ಬೇರೆ ಬೇರೆ ಶೀಸೆಯಲ್ಲಿ. ಒಂದು ಕಣ್ಣೂ ಹೋಗಲಿಲ್ಲ. ಮಾಡಿಸಿದ್ದಾಳೆ ಎಂದವರೇ ದ್ಯಾಮವ್ವನ ಮುಂದೆ ಬಂದು ನಿಂತು ನೆಲ ನೋಡಿದರು. ಅವಳು ಅವರನ್ನು ಸಾಕಷ್ಟು ಬೈದು ಕಳಿಸಿದಳು.

ಸುದ್ದಿ ಬೇರೆ ಆಸ್ಪತ್ರೆಗಳಿಗೆ ಹೋಯಿತು. ಪಂಪು ಹೊತ್ತ ಬ್ಯಾಕ್ಟೀರಿಯಾಗಳು ಎಲ್ಲ ಕಡೆ ಇದ್ದವು, ಪಂಪನ್ನೇ ಹಿಡಿಯುವ ಭಕ್ಷಕಗಳನ್ನು ಹುಡುಕಲು ಜನ ಹಳ್ಳಕೊಳ್ಳಗಳಿಗೆ ಇಳಿದರು. ಸತ್ತವೆಂದು ನಾವು ಬಿಟ್ಟುಕೊಟ್ಟಿದ್ದ ಹಳೆಯ ಔಷಧಗಳು ಒಂದೊಂದಾಗಿ ಮತ್ತೆ ಎದ್ದು ಕೂತವು. ನಮ್ಮ ದಲ್ಲಾಳಿಗೆ ಈ ಹೊಸ ಭಕ್ಷಕವನ್ನು ಸೇರಿಸುವಾಗ ಅದಕ್ಕೊಂದು ಹೆಸರು ಬೇಕಾಯಿತು. ಬೀಗತಿ ಎಂದು ಬರೆಸಿದೆ. ಇವತ್ತಿಗೂ ಎಲ್ಲೋ ದೂರದ ದೇಶದ ವಿಜ್ಞಾನಿಗಳು ಆ ಹೆಸರನ್ನು ನಾಲಿಗೆ ತಿರುಚಿಕೊಂಡು ಹೇಳುವುದನ್ನು ಕೇಳಿದರೆ ನನಗೆ ನಗು ತಡೆಯುವುದಿಲ್ಲ.

ಕಣ್ಣಿನ ಪಟ್ಟಿ ತೆಗೆದ ದಿನದ ಮಾತು ಹೇಳಿ ಮುಗಿಸುತ್ತೇನೆ. ಬೆಳಗಿನ ಬಿಸಿಲು ವಾರ್ಡಿನೊಳಗೆ ಬಿದ್ದಿತ್ತು. ಕಸ್ತೂರಿ ಮಂಚದ ಕಾಲು ಹಿಡಿದುಕೊಂಡು ನಿಂತಿದ್ದಳು. ದ್ಯಾಮವ್ವ ಎಂದಿನಂತೆ ಬೆನ್ನು ಹಾಕಿಯೇ ಕೂತಿದ್ದಳು, ಕಿವಿ ಮಾತ್ರ ಈ ಕಡೆ. ಹಾವನೂರರು ಪಟ್ಟಿ ಬಿಚ್ಚಿ, ರೆಪ್ಪೆ ಒರೆಸಿ, ಮೂರು ಬೆರಳು ಎತ್ತಿ ಹಿಡಿದು ಎಷ್ಟು ಎಂದು ಕೇಳಿದರು. ಫಕೀರವ್ವ ಕಣ್ಣು ಪಿಳುಕಿಸಿದಳು. ನೀರು ಸುರಿಯಿತು. ಮತ್ತೆ ಬಿಟ್ಟಳು. ಬೆರಳುಗಳ ಮೇಲೆ ಆ ಕಣ್ಣು ನಿಲ್ಲಲಿಲ್ಲ. ಅವರನ್ನು ದಾಟಿ ಕಿಟಕಿಯ ಕಡೆ ಹೋಗಿ ಅಲ್ಲೇ ನಿಂತಿತು. ಕಾಣುತ್ತಿಲ್ಲವೇನೋ ಎಂದುಕೊಂಡೆ.

"ದ್ಯಾಮೀ" ಎಂದಳು ಫಕೀರವ್ವ. "ಕೂದಲೆಲ್ಲಾ ಬೆಳ್ಳಗ ಆಗ್ಯಾವಲ್ಲಲೇ ನಿಂದು."

ದ್ಯಾಮವ್ವ ತಿರುಗಲಿಲ್ಲ. ಭುಜ ಮಾತ್ರ ಅಲ್ಲಾಡಿತು.

"ಹತ್ತು ವರ್ಷದಾಗ ಒಮ್ಮೆರ ನೋಡಿದ್ರ ಗೊತ್ತಾಕ್ಕಿತ್ತು."

"ಈಗ ನೋಡಾಕತ್ತೀನಲ್ಲ" ಎಂದಳು ಫಕೀರವ್ವ. "ಈ ಕಡೆ ಹೊಳ್ಳಿ ಕುಂದ್ರು."